ಇಬ್ಬರಿಗೆಂದು ಕಟ್ಟಿದ ಬಸ್ಸು

ನಾನು ವಾಸವಾಗಿರುವುದು ಒಂದು ಹಳೆಯ ಡಬಲ್ ಡೆಕ್ಕರ್ ಬಸ್ಸಿನಲ್ಲಿ. ಹೀಗೆಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಬಾತ್‌ರೂಮ್ ಎಲ್ಲಿದೆ ಎಂದು ಕೇಳುತ್ತಾರೆ. ಬಾತ್‌ರೂಮ್ ಕೆಳಗಿನ ಅಂತಸ್ತಿನ ಹಿಂಭಾಗದಲ್ಲಿ, ಮೆಟ್ಟಿಲಿನ ಪಕ್ಕಕ್ಕಿದೆ. ಅದರ ಮುಂದೆ ಅಡುಗೆಮನೆ. ಡ್ರೈವರ್ ಕೂರುತ್ತಿದ್ದ ಜಾಗದಲ್ಲಿ ವಾಷಿಂಗ್ ಮಷೀನ್ ಇದೆ. ಮಲಗುವುದು ಮೇಲೆ. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ಮುಂದಿನ ಪ್ರಶ್ನೆ ಹೊಳೆದಿರುತ್ತದೆ: "ಒಬ್ಬರೇನಾ ಇರೋದು?"

ಹೌದು, ಒಬ್ಬಳೇ. ಆದರೆ ಆ ಬಸ್ಸನ್ನು ಮನೆ ಮಾಡಿದ್ದು ಇಬ್ಬರಿಗೆಂದು.

ಗೆಳತಿ ನನಗೆ ಸಿಕ್ಕಿದ್ದು ಬಿ.ಟಿ.ಎಂ. ಲೇಔಟಿನ ಒಂದು ಪೇಯಿಂಗ್ ಗೆಸ್ಟ್ ಮನೆಯಲ್ಲಿ. ಇಬ್ಬರಿಗೂ ಆಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ, ಬಿ.ಟಿ.ಎಂ.ನಲ್ಲಿ ಅರ್ಧಕ್ಕರ್ಧ ಸೈಟುಗಳು ಖಾಲಿಯಿದ್ದವು. ನಾನು ಚಿತ್ರದುರ್ಗದ ಕಡೆಯವಳು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಅವಳು ತುಮಕೂರಿನವಳು, ಜಯನಗರದ ಆರ್ಕಿಟೆಕ್ಟ್ ಒಬ್ಬರ ಆಫೀಸಿನಲ್ಲಿ ಮನೆಗಳ ನಕ್ಷೆ ಬರೆಯುತ್ತಿದ್ದಳು. ಒಂದೇ ಕೋಣೆಯ ಎರಡು ಮಂಚ ನಮ್ಮವು. ಕೆಲವು ವರ್ಷಗಳ ನಂತರ ಇಬ್ಬರೂ ಸೇರಿ ಶ್ರೀನಗರದಲ್ಲಿ ಚಿಕ್ಕ ಬಾಡಿಗೆ ಮನೆ ಹಿಡಿದೆವು. ನನ್ನ ಮದುವೆಯ ಮಾತು ಒಂದೆರಡು ಬಾರಿ ಬಂದು ಮುರಿಯಿತು. ಅವಳದು ಬರಲೇ ಇಲ್ಲ. ಬಂದಿದ್ದರೂ ಅವಳು ನನಗೆ ಹೇಳಲಿಲ್ಲ. ನಲವತ್ತು ದಾಟಿದ ಮೇಲೆ ಊರಿನವರೂ ಕೇಳುವುದನ್ನು ಬಿಟ್ಟರು. ಬಾಡಿಗೆ ಮನೆಯ ಮಾಲೀಕರು ಮಾತ್ರ ಬಿಡಲಿಲ್ಲ. ಶ್ರೀನಗರದೊಳಗೇ ಮನೆ ಬದಲಿಸಿದಾಗಲೆಲ್ಲ ನಾವು ಅಕ್ಕ ತಂಗಿಯರೇ, ಮನೆಯಲ್ಲಿ ಗಂಡಸರು ಯಾರಿದ್ದಾರೆ, ಯಾರ ಹೆಸರಿಗೆ ಕರಾರು ಮಾಡುವುದು ಎಂದು ವಿಚಾರಿಸುತ್ತಿದ್ದರು. ಅದಕ್ಕೆ ಉತ್ತರ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

ಒಂದು ಮಧ್ಯಾಹ್ನ ಅವಳು ಕನಕಪುರ ರಸ್ತೆಯಿಂದ ಫೋನ್ ಮಾಡಿದಳು. ಅಲ್ಲಿ ಮುಚ್ಚಿಹೋಗಿದ್ದ ರೆಸಾರ್ಟ್ ಒಂದರ ಅಳತೆ ತೆಗೆಯಲು ಹೋಗಿದ್ದಳು.

"ನಾಳೆ ರಜಾ ಹಾಕು. ಒಂದು ವಸ್ತು ತೋರಿಸ್ತೀನಿ."

"ಏನದು?"

"ಬಂದು ನೋಡು. ಈಗ ಹೇಳಿದ್ರೆ ಬೇಡ ಅಂತೀಯ."

ಮರುದಿನ ಅವಳು ನನ್ನನ್ನು ರೆಸಾರ್ಟಿನ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಎದೆಮಟ್ಟದ ಹುಲ್ಲಿನ ನಡುವೆ ಕೆಂಪು ಬಣ್ಣ ಮಾಸಿದ ಡಬಲ್ ಡೆಕ್ಕರ್ ನಿಂತಿತ್ತು. ರೆಸಾರ್ಟಿನವರು ಅದನ್ನು ಎಲ್ಲಿಂದಲೋ ಹರಾಜಿನಲ್ಲಿ ತಂದು ಕ್ಯಾಂಟೀನು ಮಾಡಿದ್ದರಂತೆ. ಕಿಟಕಿಗಳಿಂದ ಬಳ್ಳಿ ಒಳಕ್ಕೆ ನುಗ್ಗಿತ್ತು. ಕೆಳಗಿನ ಅಂತಸ್ತಿನಲ್ಲಿ ದೋಸೆ ಕಲ್ಲಿನ ಮಸಿ ಚಾವಣಿಗೆ ಹತ್ತಿತ್ತು. ಮೆಟ್ಟಿಲಿನಲ್ಲಿ ಕಣಜದ ಗೂಡು ಇದ್ದುದರಿಂದ ಸೆರಗು ಮುಖಕ್ಕೆ ಮುಚ್ಚಿಕೊಂಡು ಹತ್ತಿದೆವು. ಮೇಲೆ ಸೀಟುಗಳು ಹಾಗೇ ಇದ್ದವು. ಅವಳು ಎಲ್ಲಕ್ಕಿಂತ ಮುಂದಿನ ಸೀಟಿನ ಧೂಳನ್ನು ಕೈಯಿಂದ ಒರೆಸಿ ಕೂತಳು.

"ಇಲ್ಲಿ ಕೂತ್ಕೊಂಡು ಕಾರವಾರದ ತನಕ ಹೋಗ್ಬಹುದು ಕಣೇ," ಎಂದಳು. "ಬೇಕಾದಲ್ಲಿ ನಿಲ್ಲಿಸ್ಕೊಂಡು. ಬೇಡವಾದ್ರೆ ಹೊರಟುಬಿಡೋದು. ಯಾರ ಕರಾರೂ ಇಲ್ಲ."

ಬೇಡ ಅನ್ನಬೇಕೆಂದೇ ಹೋಗಿದ್ದೆ. ಅವಳ ಪಕ್ಕದಲ್ಲಿ ಕೂತು ಮುಂದಿನ ಗಾಜಿನಾಚೆ ನೋಡಿದಾಗ ಹುಲ್ಲೂ ಪಾಳು ಗೋಡೆಯೂ ಎಷ್ಟೋ ಕೆಳಗಿದ್ದವು. ನಾನು ಸೆರಗಿನ ತುದಿಯಿಂದ ಗಾಜನ್ನು ಒರೆಸಿದೆ. ಅವಳು ಅದನ್ನೇ ಒಪ್ಪಿಗೆ ಎಂದುಕೊಂಡಳು; ಅದು ಒಪ್ಪಿಗೆಯೇ ಆಗಿತ್ತು.

ಬಸ್ಸು ನಮ್ಮದಾದ ಮೇಲೆ ಅದನ್ನು ನಿಲ್ಲಿಸಲು ಜಾಗ ಬೇಕಾಯಿತು. ಜೆ.ಪಿ. ನಗರದ ಏಳನೇ ಹಂತದಲ್ಲಿ ಖಾಲಿ ಸೈಟೊಂದು ಸಿಕ್ಕಿತು. ಅದರ ಒಡತಿ ಎಪ್ಪತ್ತರ ಹತ್ತಿರದ ಹೆಂಗಸು. ಬಡಾವಣೆ ಆಗುವ ಮೊದಲು ಆ ಸುತ್ತಲ ಜಮೀನು ಅವರ ಮನೆತನದ್ದು. ಈಗ ಎದುರು ಸಾಲಿನ ಮೂರಂತಸ್ತಿನ ಮನೆಯ ಕೆಳಗೆ ಅವರು, ಮೇಲೆ ಗಂಡುಮಕ್ಕಳ ಸಂಸಾರಗಳು. ಬಸ್ಸನ್ನು ಎಳೆದು ತಂದ ದಿನ ಅವರು ಗೇಟಿನ ಹೊರಗೆ ಕುರ್ಚಿ ಹಾಕಿಸಿಕೊಂಡು ನೋಡುತ್ತಾ ಕೂತಿದ್ದರು.

"ಇದ್ರೊಳಗೆ ಸಂಸಾರ ಮಾಡ್ತೀರೇನವ್ವ?" ಎಂದು ಕೇಳಿದರು.

"ಹೂಂ ಅಮ್ಮ. ನೀವೂ ಒಂದ್ಸಲ ಒಳಗೆ ಬನ್ನಿ," ಎಂದೆ.

"ನಾನೊಲ್ಲೆ. ನಿಂತಿರೋ ಬಸ್ಸಲ್ಲಿ ಕೂತ್ರೆ ನಂಗೆ ತಲೆ ಸುತ್ತುತ್ತೆ."

ಕೆಲಸ ಒಂದೂವರೆ ವರ್ಷ ನಡೆಯಿತು. ನಮ್ಮ ಭಾನುವಾರಗಳೆಲ್ಲ ಅದಕ್ಕೇ ಹೋದವು. ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಲು ಸಿದ್ದಾಪುರದಿಂದ ಒಬ್ಬ ವೆಲ್ಡರ್ ಬರುತ್ತಿದ್ದ. ಮರಗೆಲಸಕ್ಕೆ ಅವಳ ಆಫೀಸಿನ ಪರಿಚಯದ ಬಡಗಿ. ಉಳಿದದ್ದು ನಾವೇ. ಒಳಗಿನ ತಗಡಿಗೂ ಹೊರಗಿನ ತಗಡಿಗೂ ನಡುವೆ ಥರ್ಮೋಕೋಲು ತುಂಬಿದೆವು, ಇಲ್ಲದಿದ್ದರೆ ಏಪ್ರಿಲಿನಲ್ಲಿ ಬೇಯುತ್ತೀರಿ ಎಂದು ವೆಲ್ಡರ್ ಹೇಳಿದ್ದ. ಕಿಟಕಿಯ ಸರಳುಗಳನ್ನು ಉಜ್ಜಿ ಉಜ್ಜಿ ನನ್ನ ಬೆರಳ ತುದಿಯ ಗೆರೆಗಳು ಮಾಯವಾಗಿ, ಆಸ್ಪತ್ರೆಯ ಹಾಜರಿ ಯಂತ್ರ ನನ್ನನ್ನು ಗುರುತಿಸಲು ಒಪ್ಪಲಿಲ್ಲ. ಮೇಲಿನ ಅಂತಸ್ತಿನ ನಕ್ಷೆಯಲ್ಲಿ ಅವಳು ಆ ತುದಿಗೊಂದು ಈ ತುದಿಗೊಂದು ಮಂಚ ಬರೆದಿದ್ದಳು, ನಡುವೆ ಕಪಾಟು ಮತ್ತು ಕೂರುವ ಜಾಗ. ಅವಳು ಎತ್ತರದವಳು, ನಾನು ಕುಳ್ಳಿ. ಅಡುಗೆಕಟ್ಟೆಯ ಎತ್ತರಕ್ಕಾಗಿ ಇಬ್ಬರೂ ಜಗಳವಾಡಿ ಕೊನೆಗೆ ಯಾರಿಗೂ ಸರಿಹೋಗದ ಒಂದು ಎತ್ತರಕ್ಕೆ ಒಪ್ಪಿಕೊಂಡೆವು. ಮೇಲಿನ ಶೆಲ್ಫುಗಳ ವಿಷಯದಲ್ಲಿ ಅವಳು ಬಿಟ್ಟುಕೊಡಲಿಲ್ಲ. "ಸಾಮಾನು ನಾನು ತೆಗೆದುಕೊಡ್ತೀನಿ ಬಿಡು," ಎಂದಳು.

ಆ ದಿನಗಳಲ್ಲಿ ನಾನು ತುಂಬಾ ಸಂತೋಷವಾಗಿದ್ದೆ. ಅದನ್ನು ಈಗ ಹೇಳಬಲ್ಲೆ, ಆಗ ಗೊತ್ತಿರಲಿಲ್ಲ. ಆಗ ಬೆನ್ನುನೋವು ಮತ್ತು ಪೇಂಟಿನ ವಾಸನೆ ಮಾತ್ರ ಗೊತ್ತಿದ್ದವು.

ನಡುವೆ ಒಂದು ಪೆಟ್ಟು ಬಿತ್ತು. ಬಸ್ಸನ್ನು ಓಡುವ ಮನೆಯೆಂದು ನೋಂದಾಯಿಸಲು ಆಗುವುದಿಲ್ಲ ಎಂದು ತಿಳಿಯಿತು. ವಯಸ್ಸಾಗಿದೆ, ಎತ್ತರ ಹೆಚ್ಚು, ಎಂಜಿನ್ನೂ ಹೋಗಿದೆ. ವಿಚಾರಿಸಿಕೊಂಡು ಬಂದ ಏಜೆಂಟ್ ನಮ್ಮ ಮುಖ ನೋಡಿ ಸಮಾಧಾನದ ದನಿಯಲ್ಲಿ, "ಮೇಡಂ, ಒಂದು ಕಡೆ ಇಟ್ಕೊಂಡು ಆರಾಮಾಗಿರಿ. ರೋಡಿಗೆ ಮಾತ್ರ ತರೋ ಆಸೆ ಬಿಟ್ಬಿಡಿ," ಎಂದ. ಗೆಳತಿ ಆ ವಾರವೆಲ್ಲ ಮಂಕಾಗಿದ್ದಳು. ನನಗೆ ಅಷ್ಟೇನೂ ಬೇಸರವಾಗಲಿಲ್ಲ. ನನಗೆ ಬೇಕಿದ್ದುದು ಕಾರವಾರ ಅಲ್ಲ, ಮನೆ. ಅವಳಿಗೆ ಬೇಕಿದ್ದುದು ಹೊರಡುವುದು ಎಂದು ಆಗಲೇ ನನಗೆ ಅರ್ಥವಾಗಬೇಕಿತ್ತೇನೋ.

ಕೊನೆಯ ಸುತ್ತಿನ ಪೇಂಟು ನಡೆಯುತ್ತಿದ್ದಾಗ ಅವಳು ವಿಷಯ ಹೇಳಿದಳು. ನಾನು ಮೇಲಿನ ಅಂತಸ್ತಿನ ಚಾವಣಿಗೆ ಬಣ್ಣ ಬಳಿಯುತ್ತಿದ್ದೆ. ಅವಳು ಮೆಟ್ಟಿಲ ಮೇಲೆ ಕೂತು ಬ್ರಷ್ ತೊಳೆಯುತ್ತಿದ್ದಳು.

"ನಮ್ಮ ಆಫೀಸಿಗೆ ಒಬ್ರು ಬರ್ತಿದ್ರಲ್ಲ, ಮನೆ ರಿಪೇರಿ ಅಂತ. ಹೆಂಡತಿ ತೀರ್ಕೊಂಡಿದ್ರು ಅಂದಿದ್ನಲ್ಲ, ಅವ್ರು."

"ಹೂಂ."

"ಅವರು ನನ್ನನ್ನ ಕೇಳಿದಾರೆ ಕಣೇ. ಮದುವೆ ಆಗೋಣ ಅಂತ."

ನಾನು ಕೈ ನಿಲ್ಲಿಸಲಿಲ್ಲ. ಬಣ್ಣದ ಒಂದು ಹನಿ ನನ್ನ ಕನ್ನಡಕದ ಮೇಲೆ ಬಿತ್ತು.

"ನೀನೇನಂದೆ?"

"ಆಯ್ತು ಅಂದೆ."

ಅವಳಿಗಾಗ ಐವತ್ತೊಂದು. ಆ ವಯಸ್ಸಿನಲ್ಲಿ ಒಬ್ಬರು ಬಂದು ಕೇಳಬಹುದು, ಅವಳು ಒಪ್ಪಬಹುದು ಎಂದು ನಾನು ಒಂದು ಸಲವೂ ಯೋಚಿಸಿರಲಿಲ್ಲ. ನಮ್ಮಿಬ್ಬರ ವಿಷಯ ತೀರ್ಮಾನವಾಗಿ ಹೋಗಿದೆ ಎಂದುಕೊಂಡಿದ್ದೆ.

"ಬಸ್ಸು ನಿಂದೇ," ಎಂದಳು. "ನಾನು ಯಾವತ್ತೂ ಕೇಳಲ್ಲ. ನಿನಗೆ ಬೇಡಾಂದ್ರೆ ಮಾರೋಣ. ನೀನು ಏನು ಹೇಳಿದ್ರೂ ಸರಿ."

"ಇದೊಂದು ಪಕ್ಕ ಮುಗಿಸಿಬಿಡ್ತೀನಿ," ಎಂದೆ. "ನಡುವೆ ನಿಲ್ಲಿಸಿದ್ರೆ ಪಟ್ಟೆ ಕಾಣುತ್ತೆ."

ಅವಳು ಬ್ರಷ್ ತೊಳೆದು ಮುಗಿಸಿ, ಮತ್ತೊಂದು ಬ್ರಷ್ ತೆಗೆದುಕೊಂಡು ಇನ್ನೊಂದು ಪಕ್ಕದಿಂದ ಬಳಿಯತೊಡಗಿದಳು. ಸಂಜೆಯವರೆಗೆ ಇಬ್ಬರೂ ಬಳಿದೆವು. ಬಣ್ಣದ ಬಗ್ಗೆ ಬಿಟ್ಟು ಬೇರೇನೂ ಮಾತಾಡಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವಳ ಮುಖ ನೋಡಿದರೆ ಸಿಟ್ಟು ಬರುತ್ತಿರಲಿಲ್ಲ. ಪ್ರಾಯದ ಹುಡುಗಿಯ ಹಾಗೆ ಹೆದರಿದ್ದಳು.

ಮದುವೆ ರಿಜಿಸ್ಟ್ರಾರ್ ಆಫೀಸಿನಲ್ಲಾಯಿತು. ಸಾಕ್ಷಿಗಳಲ್ಲಿ ನಾನೂ ಒಬ್ಬಳು. ಅವಳು ಬನಶಂಕರಿಯಲ್ಲಿದ್ದ ಅವರ ಮನೆಗೆ ಹೋದಳು. ನಾನು ಶ್ರೀನಗರದ ಮನೆ ಖಾಲಿ ಮಾಡಿ ಬಸ್ಸಿಗೆ ಬಂದೆ.

ಖಾಲಿ ಸೈಟಿನಲ್ಲಿ ನಿಂತ ಡಬಲ್ ಡೆಕ್ಕರಿನ ಮೇಲಿನ ಅಂತಸ್ತು ಅಕ್ಕಪಕ್ಕದ ಮನೆಗಳ ಮೊದಲ ಮಹಡಿಗೆ ಸಮನಾಗಿರುತ್ತದೆ ಎಂಬುದು ನಕ್ಷೆಯಲ್ಲಿ ಇರಲಿಲ್ಲ. ಎಡಕ್ಕೆ ಒಬ್ಬರ ಅಡುಗೆಮನೆ, ಬಲಕ್ಕೆ ಇನ್ನೊಬ್ಬರ ಬಾಲ್ಕನಿ. ಎಡಗಡೆಯ ಮನೆಯಲ್ಲಿ ರಾತ್ರಿ ಊಟಕ್ಕೆ ತಟ್ಟೆ ಇಡುವ ಸದ್ದು, ಮಕ್ಕಳನ್ನು ಕರೆಯುವ ದನಿ ನನ್ನದೇ ಮನೆಯಲ್ಲಿ ಆದ ಹಾಗೆ ಕೇಳುತ್ತಿತ್ತು. ಅವರು ಕಿಟಕಿಗೆ ದಪ್ಪ ಪರದೆ ಹಾಕಿದರು. ನಾನೂ ಹಾಕಿದೆ. ಸದ್ದಿಗೆ ಪರದೆ ಇರಲಿಲ್ಲ. ಆಸ್ಪತ್ರೆಯಿಂದ ಬಂದು, ಒಬ್ಬಳಿಗೆ ಅನ್ನ ಬೇಯಿಸಲು ಮನಸ್ಸಿಲ್ಲದೆ, ಮಧ್ಯಾಹ್ನದ ಡಬ್ಬಿಯಲ್ಲಿ ಉಳಿದದ್ದನ್ನು ನಿಂತೇ ತಿನ್ನುತ್ತಿದ್ದೆ. ಶೆಲ್ಫಿನ ಸಾಮಾನಿಗೆ ಸ್ಟೂಲ್ ಹತ್ತಬೇಕಿತ್ತು. ಆ ಸ್ಟೂಲ್ ತಂದ ದಿನ ಸ್ವಲ್ಪ ಅತ್ತೆ. ಅದಕ್ಕಿಂತ ದೊಡ್ಡ ಕಾರಣಗಳಿದ್ದಾಗ ಅಳು ಬಂದಿರಲಿಲ್ಲ.

ಎರಡನೆಯ ಮಂಚವನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಮೊದಲು ಅದರ ಮೇಲೆ ಹಾಸಿಗೆ ಹಾಕಿದೆ. ಬೆಳಗ್ಗೆ ಎದ್ದಾಗ ಮಡಿಕೆ ಮುರಿಯದ ಚಾದರ ಕಣ್ಣಿಗೆ ಬೀಳುತ್ತಿತ್ತು. ಹಾಸಿಗೆ ತೆಗೆದು ಪೆಟ್ಟಿಗೆಗಳನ್ನು ಪೇರಿಸಿದೆ. ಗೋಡೌನಿನಲ್ಲಿ ಮಲಗಿದ ಹಾಗಾಯಿತು. ಕೊನೆಗೆ ಬಡಗಿಯನ್ನು ಕರೆಸಿ ಬಿಚ್ಚಿಸಿ, ಅದೇ ಹಲಗೆಯಿಂದ ಕಿಟಕಿಯ ಉದ್ದಕ್ಕೂ ಒಂದು ಮೇಜು ಮಾಡಿಸಿದೆ. "ಎಷ್ಟು ಚೆನ್ನಾಗಿ ಮಾಡಿದ್ದೆ ಮೇಡಂ ಮಂಚ," ಎಂದು ಬಡಗಿ ಬೇಜಾರು ಮಾಡಿಕೊಂಡ.

ಆ ಮಳೆಗಾಲದಲ್ಲಿ ನನಗೆ ಡೆಂಗ್ಯೂ ಬಂತು. ನನ್ನ ರಕ್ತವನ್ನು ನಾನೇ ನಮ್ಮ ಲ್ಯಾಬಿನಲ್ಲಿ ಪರೀಕ್ಷೆ ಮಾಡಿ, ರಜೆ ಬರೆದುಕೊಟ್ಟು ಬಂದು ಮಲಗಿದೆ. ಅಡ್ಮಿಟ್ ಆಗಬೇಕಾದಷ್ಟು ಜೋರಿರಲಿಲ್ಲ. ಗೆಳತಿ ಗಂಡನ ಜೊತೆ ಕಾಶಿಯ ಕಡೆ ಪ್ರವಾಸ ಹೋಗಿದ್ದಳು, ಅವಳಿಗೆ ಹೇಳಲಿಲ್ಲ. ಮೂಳೆಗಳೆಲ್ಲ ನೋಯುತ್ತಿದ್ದವು. ನೀರು ಕೆಳಗಿತ್ತು, ನಾನು ಮೇಲಿದ್ದೆ. ಆ ಕಿರಿದಾದ ಮೆಟ್ಟಿಲನ್ನು ಕೂತೇ ಇಳಿದು ಕೂತೇ ಹತ್ತುತ್ತಿದ್ದೆ.

ಒಂದು ಬೆಳಗ್ಗೆ ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುವುದು ಕೇಳಿಸಿತು. ನೋಡಿದರೆ ಸೈಟಿನ ಒಡತಿ. ಒಂದು ಕೈಯಲ್ಲಿ ಸ್ಟೀಲಿನ ಕ್ಯಾರಿಯರ್, ಇನ್ನೊಂದು ಕೈಯಲ್ಲಿ ಮೆಟ್ಟಿಲಿನ ಕಂಬಿ.

"ಹಾಲಿನ ಪ್ಯಾಕೆಟ್ಟು ನೆನ್ನೆಯಿಂದ ಗೇಟಲ್ಲೇ ಐತೆ," ಎಂದರು. "ಇವ್ಳು ಊರಿಗೋದ್ರೆ ಹೇಳೋಗೋಳು, ಏನೋ ಆಗೈತೆ ಅಂತ ಬಂದೆ."

ರಾಗಿ ಗಂಜಿ ತಂದಿದ್ದರು. ನಾನು ಕುಡಿಯುವವರೆಗೂ ನಿಂತೇ ಇದ್ದರು. ಕಾಲು ನೋಯತೊಡಗಿದ ಮೇಲೆ ಮುಂದಿನ ಸೀಟಿನ ಕಡೆ ಹೋದರು. ಆ ಒಂದು ಸೀಟನ್ನು ನಾವು ತೆಗೆದಿರಲಿಲ್ಲ. ಕೂತವರು ಮುಂದಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಹೊರಗೆ ನೋಡಿದರು.

"ತಲೆ ಸುತ್ತುತ್ತಾ ಅಮ್ಮ?" ಎಂದು ಕೇಳಿದೆ.

"ಇಲ್ಲ ಕಣವ್ವ. ಆ ಹುಣಸೆಮರ ಕಾಣ್ತೈತಲ್ಲ, ಆಸ್ಪತ್ರೆ ಬೋರ್ಡ್ ಹಿಂದೆ. ಅದ್ರ ಬುಡದಲ್ಲೇ ನಮ್ ಕಣ ಇದ್ದಿದ್ದು. ಅದ್ಯಾವತ್ತೋ ಕಡಿದವ್ರೆ ಅಂದ್ಕೊಂಡಿದ್ದೆ."

"ನಿಮ್ಮ ಮನೆ ಮಹಡಿಯಿಂದ ಕಾಣಲ್ವಾ?"

"ಮೇಲೆ ಸೊಸೆದೀರು ಅವ್ರೆ. ಅವ್ರ ಮನೇಗೆ ನಾನ್ಯಾಕೆ ಮರ ನೋಡಕ್ಕೆ ಹೋಗ್ಲಿ?"

ಅಂದಿನಿಂದ ಅವರು ಬರತೊಡಗಿದರು. ನನ್ನ ಜ್ವರ ಇಳಿದ ಮೇಲೂ ಬಂದರು. ನಾನು ಮನೆಯಲ್ಲಿರುವ ದಿನ ನೋಡಿಕೊಂಡು, ಅವರೆಕಾಯಿಯನ್ನೋ ಸೊಪ್ಪನ್ನೋ ಮಡಿಲಲ್ಲಿ ಕಟ್ಟಿಕೊಂಡು ಬಂದು ಅಲ್ಲಿ ಕೂತು ಬಿಡಿಸುತ್ತಿದ್ದರು. ಬಾವಿ ಎಲ್ಲಿತ್ತು, ಕೆರೆಗೆ ಹೋಗುವ ಕಾಲುವೆ ಯಾವ ಅಪಾರ್ಟ್‌ಮೆಂಟಿನ ಅಡಿಯಲ್ಲಿ ಹೋಗಿದೆ ಎಂದು ಬೆರಳು ಮಾಡಿ ತೋರಿಸುತ್ತಿದ್ದರು. ನನ್ನ ವಿಷಯ ಒಂದೇ ಸಲ ಕೇಳಿದರು: "ಆ ಉದ್ದನೆ ಹುಡುಗಿ ಬರಾಕಿಲ್ವಾ?" ಮದುವೆಯಾಯಿತು ಎಂದೆ. "ಹಂಗಾರೆ ನಿಂಗೆ ಕಷ್ಟ ಆಯ್ತು," ಎಂದು ಹೇಳಿ ಅವರೆಕಾಯಿ ಬಿಡಿಸುವುದನ್ನು ಮುಂದುವರಿಸಿದರು. ನನಗೆ ಕಷ್ಟವಾಗಿದೆ ಎಂದು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ಉಳಿದವರೆಲ್ಲ ಒಳ್ಳೆಯದಾಯಿತು ಎಂದು ಅವಳ ಬಗ್ಗೆ ಹೇಳಿದ್ದರು.

ಮುಂದಿನ ಯುಗಾದಿ ಕಳೆದ ಮೇಲೆ ಒಂದು ದಿನ ಅವರು ಬರಿಗೈಯಲ್ಲಿ ಬಂದರು. ಗಂಡುಮಕ್ಕಳು ಆ ಸೈಟಿನಲ್ಲಿ ಪಿ.ಜಿ. ಕಟ್ಟಡ ಕಟ್ಟಿಸುತ್ತಾರಂತೆ.

"ನಾನು ಬೇಡ ಅಂದೆ. ನನ್ ಮಾತು ಅಲ್ಲಿ ನಡೀಲಿಲ್ಲ," ಎಂದರು. "ನಮ್ಮಣ್ಣನ ತೋಟ ಐತೆ, ಬನಶಂಕರಿ ಆರನೇ ಸ್ಟೇಜಿಂದ ಆಚೆ. ಅವ್ನಿಗೆ ಹೇಳಿವ್ನಿ. ಒಂದ್ ಮೂಲೇಲಿ ನಿಲ್ಲಿಸ್ಕೊ."

ಬಸ್ಸು ಸಾಗಿಸುವ ವಿಷಯವನ್ನು ಗೆಳತಿಗೆ ಹೇಳಬೇಕೋ ಬೇಡವೋ ಎಂದು ಕೆಲವು ದಿನ ಯೋಚಿಸಿದೆ. ಹೇಳಿದೆ. "ನಾನು ಬರ್ತೀನಿ," ಎಂದಳು. ನಾನು ಬೇಡ ಅನ್ನಲಿಲ್ಲ.

ಪೊಲೀಸರು ಭಾನುವಾರ ಬೆಳಗಿನ ಜಾವ ಟ್ರಾಫಿಕ್ ಶುರುವಾಗುವ ಮೊದಲು ಸಾಗಿಸಲು ಅನುಮತಿ ಕೊಟ್ಟಿದ್ದರು. ಕ್ರೇನಿನವನು ಬಸ್ಸಿನ ಮೂತಿಗೆ ಕಬ್ಬಿಣದ ದಂಡ ಸಿಕ್ಕಿಸಿದ. ಕೆಳಗಿನ ಪಾತ್ರೆಗಳನ್ನೆಲ್ಲ ಹಾಸಿಗೆಯಲ್ಲಿ ಸುತ್ತಿ ಕಟ್ಟಿದ್ದೆ. ಕೇಬಲ್ಲುಗಳನ್ನು ಎತ್ತಲು ಉದ್ದನೆಯ ಬಿದಿರಿನ ಕೋಲು ಹಿಡಿದು ಇಬ್ಬರು ಮುಂದೆ ನಡೆಯುವವರಿದ್ದರು. ನಾವು ಆಟೋದಲ್ಲಿ ಹಿಂದೆ ಬರುವುದೆಂದು ಮಾತಾಗಿತ್ತು. ಗೆಳತಿ ಬಂದವಳೇ ಕ್ರೇನಿನವನ ಹತ್ತಿರ ಹೋದಳು.

"ಅಣ್ಣ, ನಾವು ಮೇಲೆ ಕೂತ್ಕೋತೀವಿ."

"ಹಂಗೆಲ್ಲ ಕೂರೋ ಹಂಗಿಲ್ಲ ಮೇಡಂ."

"ನಿಧಾನ ತಾನೇ ಹೋಗೋದು. ಕೊಂಬೆ ಬಂದ್ರೆ ಮೇಲಿಂದ ಕೂಗಿ ಹೇಳ್ತೀವಿ. ನಿಮಗೇ ಅನುಕೂಲ."

ಅವನು ತಲೆ ಕೆರೆದುಕೊಂಡು, "ಅಲ್ಲಾಡ್ದೆ ಕೂತಿರಿ," ಎಂದ.

ಬಸ್ಸು ಚಲಿಸಿತು. ನಾನು ಅಷ್ಟು ದಿನ ಮಲಗಿ ಎದ್ದ ಮನೆ ಕಿರುಗುಟ್ಟಿ, ಒಂದು ಪಕ್ಕಕ್ಕೆ ವಾಲಿ, ಗೇಟು ದಾಟಿತು. ಒಡತಿ ತಮ್ಮ ಮನೆಯ ಮುಂದೆ ನಿಂತಿದ್ದರು. ಕೈ ಬೀಸಲಿಲ್ಲ. ಸೆರಗು ಸರಿಮಾಡಿಕೊಂಡು ನಿಂತೇ ಇದ್ದರು. ತಿರುವಿನಲ್ಲಿ ಹೊಂಗೆ ಕೊಂಬೆಗಳು ಗಾಜಿಗೆ ಉಜ್ಜಿ ಎಲೆ ಉದುರಿಸಿದವು. ಗೆಳತಿ "ಬಲಕ್ಕೆ, ಬಲಕ್ಕೆ" ಎಂದು ಕೂಗುತ್ತಿದ್ದಳು. ಕೆಳಗಿನವರಿಗೆ ಅದು ಕೇಳಿಸುತ್ತಿತ್ತೋ ಇಲ್ಲವೋ. ಕನಕಪುರ ರಸ್ತೆಗೆ ಬಂದಾಗ ಬೆಳಕಾಗುತ್ತಿತ್ತು. ಪಕ್ಕದ ಮೆಟ್ರೋ ಕಂಬಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತಿದ್ದವು. ವಾಕಿಂಗ್ ಹೊರಟವರು ನಿಂತು ಫೋಟೋ ತೆಗೆದರು.

"ನಿನಗೆ ಬೇಜಾರಾಗಿದ್ಯಾ ನನ್ನ ಮೇಲೆ?" ಎಂದು ಅವಳು ಕೇಳಿದಳು. ಮುಂದೆಯೇ ನೋಡುತ್ತಿದ್ದಳು.

"ನಿನ್ನ ಮೇಲೆ ಅಲ್ಲ."

"ಮತ್ತೆ?"

"ಬೇಜಾರಾಗಿದೆ ಅಷ್ಟೆ. ಯಾರ ಮೇಲೂ ಅಲ್ಲ."

ಸ್ವಲ್ಪ ದೂರ ಹೋದ ಮೇಲೆ ಅವಳು, "ಅವರ ಮನೆಯಲ್ಲಿ ನನಗೆ ಬೆಳಗ್ಗೆ ಎದ್ದಾಗ ಎಲ್ಲಿದೀನಿ ಅಂತ ಈಗಲೂ ಗೊತ್ತಾಗಲ್ಲ ಕಣೇ," ಎಂದಳು. "ಅವರು ಒಳ್ಳೆಯವ್ರು. ಆದ್ರೂ ಗೊತ್ತಾಗಲ್ಲ."

ಅವಳ ಕೈ ಮುಂದಿನ ಕಂಬಿಯ ಮೇಲಿತ್ತು. ನನ್ನ ಕೈಯನ್ನೂ ಅದರ ಪಕ್ಕದಲ್ಲಿಟ್ಟೆ. ತೋಟದ ಗೇಟು ಬರುವವರೆಗೆ ಹಾಗೇ ಕೂತಿದ್ದೆವು. ಮಧ್ಯಾಹ್ನ ಅವಳ ಗಂಡ ಕಾರು ತಂದು ಅವಳನ್ನು ಕರೆದುಕೊಂಡು ಹೋದರು. ನನ್ನನ್ನೂ ಊಟಕ್ಕೆ ಕರೆದರು. ಪಾತ್ರೆ ಬಿಚ್ಚುವುದಿದೆ ಎಂದೆ.

ಇಲ್ಲಿಗೆ ಬಂದು ಈಗ ಎರಡು ವರ್ಷವಾಗುತ್ತಾ ಬಂತು. ತೋಟದ ಈ ಮೂಲೆಯಲ್ಲಿ ಅಕ್ಕಪಕ್ಕ ಮನೆಗಳಿಲ್ಲ, ಆದ್ದರಿಂದ ಪರದೆ ತೆಗೆದುಹಾಕಿದ್ದೇನೆ. ಸೀಬೆ ಮರಗಳಿಗೆ ಬಾವಲಿಗಳು ಬರುತ್ತವೆ. ಆಸ್ಪತ್ರೆಗೆ ಹೋಗಲು ಮೊದಲು ಸಿಟಿ ಬಸ್ಸು, ಆಮೇಲೆ ಮೆಟ್ರೋ. ಸೈಟಿನ ಒಡತಿಗೆ ಮಂಡಿನೋವು ಹೆಚ್ಚಾಗಿದೆ. ಇಷ್ಟು ದೂರ ಬರುವುದು ಅವರಿಗೆ ಆಗುವುದಿಲ್ಲ. ನಾನು ಹೋಗಿ ನೋಡಿಕೊಂಡು ಬರುತ್ತೇನೆ. ಅವರು ಪಿ.ಜಿ. ಕಟ್ಟಡದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಮೇಲಿನ ಕೋಣೆಗಳಲ್ಲಿ ಕೆಲಸಕ್ಕೆ ಹೋಗುವ ಹುಡುಗಿಯರಿದ್ದಾರೆ, ಸಂಜೆ ಬಟ್ಟೆ ಒಣಗಿಸುತ್ತಾ ಜೋರಾಗಿ ನಗುತ್ತಿರುತ್ತಾರೆ.

ಕೆಲವು ಭಾನುವಾರ ಗೆಳತಿಯ ಮನೆಗೆ ಊಟಕ್ಕೆ ಹೋಗುತ್ತೇನೆ. ಅವಳ ಗಂಡ ಬಸ್ಸಾರು ಚೆನ್ನಾಗಿ ಮಾಡುತ್ತಾರೆ. ಮೂವರೂ ಕೂತು ಮಾತಾಡುತ್ತೇವೆ, ಕೆಲವೊಮ್ಮೆ ಚೌಕಾಬಾರ ಆಡುತ್ತೇವೆ. ಹೊತ್ತು ಇಳಿಯುವ ಮೊದಲು ಹೊರಡುತ್ತೇನೆ. ಮೊದಮೊದಲು ಇವತ್ತು ಇಲ್ಲೇ ಇರು ಎಂದು ಅವಳು ಒತ್ತಾಯ ಮಾಡುತ್ತಿದ್ದಳು. ಈಗ ಮಾಡುವುದಿಲ್ಲ. ಒಂದು ಡಬ್ಬಿಯಲ್ಲಿ ಸಾರು ಹಾಕಿ, ಚೆಲ್ಲದ ಹಾಗೆ ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ಗೇಟಿನವರೆಗೆ ಬಂದು ಕೊಡುತ್ತಾಳೆ. ತೋಟಕ್ಕೆ ಬಂದು ಸಾರು ಬಿಸಿ ಮಾಡಿ, ಒಬ್ಬಳಿಗಾಗುವಷ್ಟು ಅಕ್ಕಿ ತೊಳೆದು ಇಡುತ್ತೇನೆ. ಈಗ ಕೂತೇ ಊಟ ಮಾಡುತ್ತೇನೆ.